ಎರಡು ಹಿಡಿಕಿಯ ಮಷೀನು

ನಮ್ಮ ಕಾಕಾ ಕಂಪ್ಯೂಟರನ್ನ ಸೋಲಿಸಿದ ಮನುಷ್ಯ. ಹೆಂಗ ಸೋಲಿಸಿದ ಅಂತ ಕೇಳತೀರೇನು? ಭಾಳ ಸರಳ ಐತ್ರಿ. ಅದನ್ನ ಹೊಸ್ತಿಲ ದಾಟಿ ಒಳಗ ಬರಗೊಡಲೇ ಇಲ್ಲ! ರಬಕವಿ-ಬನಹಟ್ಟಿ ಮಂದಿ ಇದನ್ನ ಗೆಲುವು ಅಂತ ಒಪ್ಪೂದಿಲ್ಲ. 'ನಿಮ್ಮ ಕಾಕಾನ ತಲಿ ನೆಟ್ಟಗಿಲ್ಲ' ಅಂತ ನನಗ ಬಸ್‌ಸ್ಟ್ಯಾಂಡಿನಾಗ ಹೇಳ್ಯಾರ, ಮದುವಿ ಪಂಕ್ತಿಯೊಳಗ ಹೇಳ್ಯಾರ, ಕಟಿಂಗ್ ಅಂಗಡಿಯೊಳಗ ಅರ್ಧ ಗಡ್ಡ ಹೆರಿಸಿಕೊಂಡು ಎದ್ದು ಹೋಗಾಕ ಬರದಂಗ ಕುಂತಾಗ ಸೈತ ಹೇಳ್ಯಾರ. ಹೇಳಲಿ. ನಾ ಅವನ ಅಣ್ಣನ ಮಗ. ಜಮಖಂಡಿ ಕೋರ್ಟಿನೊಳಗ ಕಾರಕೂನ. ದಿನಾ ಎರಡೂ ಕಡಿ ವಾದ ಕೇಳಿ ನನ್ನ ಕಿವಿ ಪಳಗ್ಯಾವು. ಆದ್ರ ಈ ಒಂದು ಖಟ್ಲೆದಾಗ ನನಗ ಎರಡು ಕಡಿ ಇಲ್ಲ, ನಾ ಕಾಕಾನ ಕಡಿಯಾವ. ಮೊದಲ ಹೇಳಿಬಿಟ್ಟೇನಿ, ಆಮ್ಯಾಲೆ ತಕರಾರು ತಗೀಬ್ಯಾಡ್ರಿ.

ಕಾಕಾ ಸಣಕಲ ಮನುಷ್ಯ. ತಲಿ ಮ್ಯಾಲೆ ಬಿಳೇ ಟೊಪಗಿ, ಕಿವಿ ಸಂದಿಯೊಳಗ ಪೆನ್ಸಿಲ್ಲು, ಧೋತರದ ತುಂಬ ಎಣ್ಣಿ ಕಲಿ. ಆ ಪೆನ್ಸಿಲ್ಲಿಲೆ ಆತ ಏನರ ಬರದದ್ದನ್ನ ಯಾರೂ ಕಂಡಿಲ್ಲ. ಬೆನ್ನು ತುರಿಸಿಕೊಳ್ಳಾಕ ಇಟ್ಟುಕೊಂಡಾರ ಅಂತ ಅವನ ಹೆಂಡತಿ, ನಮ್ಮ ಕಾಕು, ಹೇಳತಿದ್ಳು. ಧೋತರ ಉಟ್ಟುಕೊಂಡು ಮಷೀನ್ ಮುಂದ ನಿಂದರಬ್ಯಾಡ್ರಿ, ಸಿಕ್ಕೊಂಡೀತು ಅಂತ ಆಕಿ ಬಡಕೊಂಡ್ಳು, ನಾವೂ ಬಡಕೊಂಡ್ವಿ. 'ಮಷೀನಿಗೆ ನನ್ನ ಗುರ್ತ ಐತಿ' ಅಂದ. ಒಂದಿನ ಸಿಕ್ಕೇ ಸಿಕ್ಕೊಂತು. ಅರ್ಧ ಧೋತರ ಮಷೀನ್ ತಿಂತು. ಮರುದಿನ ಕಾಕಾ ಚಣ್ಣ ಹಾಕ್ಕೊಂಡು ನಿಂತಿದ್ದ. 'ಗುರ್ತ ಇದ್ದದ್ದಕ್ಕ ಅರ್ಧಾನರ ಬಿಡ್ತು' ಅಂದ.

ಆ ಮಷೀನು ಮಿಲ್ಲಿಂಗ್ ಮಷೀನು. ಹಂಗಂದ್ರ ಏನು ಅಂತೀರಿ? ಕಾಯಿ ಹೆರಿಯೂ ಈಳಿಗಿ ಐತಲ್ಲ, ಅದರಾಗ ಈಳಿಗಿ ಸುಮ್ಮನ ಕುಂತಿರತೈತಿ, ನಾವು ಕಾಯಿ ತಿರುವತೀವಿ. ಇಲ್ಲಿ ಈಳಿಗಿನೇ ಗರಗರ ತಿರಗತೈತಿ. ಅದರ ಕೆಳಗ ಒಂದು ಕಬ್ಬಿಣದ ಮೇಜು, ಮೇಜಿಗೊಂದು ಹಿಡಿಕಿ. ಹಿಡಿಕಿ ತಿರುವಿದ್ರ ಮೇಜು ಮುಂದ ಹೋಗತೈತಿ, ಮ್ಯಾಲಿನ ಅಲಗು ಕಬ್ಬಿಣ ಕೊರೀತೈತಿ. ಪಾವರ್‌ಲೂಮಿಗೆ ಬೇಕಾಗೂ ಹಲ್ಲಿನ ಗಾಲಿಗಳನ್ನ ಕಾಕಾ ಇದರಾಗ ಮಾಡತಿದ್ದ. ಲೂಮಿನ ಗಾಲಿ ಹಲ್ಲು ಮುರದ್ರ ಮಾಲಕ ಓಡಿ ಬರೂದು ನಮ್ಮ ಕಾಕಾನ ಪಡಸಾಲಿಗೆ.

ಪಡಸಾಲಿ ಅಂದೆ. ಅದರ ಕತಿ ಹೇಳದ ಮುಂದ ಹೋಗಾಕ ಬರೂದಿಲ್ಲ. ಬನಹಟ್ಟಿಯೊಳಗ ಆಗ ಮನಿ ಅಂದ್ರ ಮಗ್ಗ. ಪಡಸಾಲಿಯೊಳಗ ಕುಣಿ ತೋಡಿ, ಅದರಾಗ ಕಾಲು ಇಳಿಬಿಟ್ಟು ಗಂಡಸು ನೇಯೂದು. ಹಿಂದ ಗ್ವಾಡಿಗೆ ಆನಿಕೊಂಡು ರಾಟಿ ಮುಂದ ಕುಂತು ಹೆಂಗಸು ಕಂಡಿಕಿ ಸುತ್ತೂದು, ಅಂದ್ರ ಲಾಳಿಯೊಳಗ ಹಾಕೂ ನೂಲಿನ ಸಣ್ಣ ಸುರುಳಿ. ಆಕಿ ಸುತ್ತದಿದ್ರ ಈತ ನೇಯೂದು ಹೆಂಗ? ಈತ ನೇಯದಿದ್ರ ಆಕಿ ಸುತ್ತೂದು ಯಾರಿಗೆ? ನಮ್ಮ ಓಣ್ಯಾಗ ಗಂಡ ಹೆಂಡತಿ ಮಾತು ಬಿಟ್ಟದ್ದು ಕಂಡೇನಿ, ಕೆಲಸ ಬಿಟ್ಟದ್ದು ಕಂಡಿಲ್ಲ. ಪಾವರ್‌ಲೂಮ್ ಬಂದು ಕುಣಿ ಮಗ್ಗ ನಿಂತ ಮ್ಯಾಲೆ ಮಂದಿ ಒಬ್ಬೊಬ್ಬರು ಒಂದೊಂದು ದಾರಿ ಹಿಡದ್ರು. ಕೆಲವರು ಕಿರಾಣಿ ಅಂಗಡಿ ಇಟ್ರು, ಕೆಲವರು ನಮ್ಮಪ್ಪನಂಗ ನೌಕರಿ ಹಿಡದ್ರು. ಕಾಕಾ ಕೊಲ್ಲಾಪುರಕ್ಕ ಹೋಗಿ, ಮುಚ್ಚಿದ ಒಂದು ಕಾರಖಾನಿಯಿಂದ ಈ ಹಳೇ ಮಷೀನು ಹೇರಿಕೊಂಡು ಬಂದ! ಬಟ್ಟಿ ನೇಯಾವಗ ಕಬ್ಬಿಣದ ಹುಚ್ಚು ಎಲ್ಲಿಂದ ಹತ್ತಿತೋ ಯಾರಿಗೂ ತಿಳೀಲಿಲ್ಲ.

ಲಾರಿ ಬಂದು ಮನಿ ಮುಂದ ನಿಂತ ದಿನ ನಾ ಸಣ್ಣಾವಿದ್ದೆ, ಆದ್ರೂ ನೆನಪೈತಿ. ಮಷೀನು ಬಾಗಿಲದಾಗ ಹಿಡೀಲಿಲ್ಲ. ಅಡ್ಡ ಹಿಡದ್ರು, ಉದ್ದ ಹಿಡದ್ರು, ಕಡೀಕ ಮುಂದಿನ ಗ್ವಾಡಿ ಒಡದ್ರು. 'ಅಳತಿ ತಗೊಂಡಿರಲಿಲ್ಲೇನೋ?' ಅಂತ ನಮ್ಮಪ್ಪ ಕೇಳಿದ್ರ, 'ಮಷೀನಿಂದು ತಗೊಂಡಿದ್ದೆ, ಬಾಗಿಲದ್ದು ಮರತೆ' ಅಂದ ಕಾಕಾ. ಕಾಕು ಬಾಯಿಗೆ ಸೆರಗು ಹಿಡಕೊಂಡು, 'ನಾ ಲಗ್ನಾಗಿ ಬಂದಾಗ ಇಷ್ಟು ದೊಡ್ಡ ಬಾಗಿಲ ತಗದಿರಲಿಲ್ಲ ನೋಡ್ರಿ' ಅಂದ್ಳು. ಮಗ್ಗದ ಕುಣಿ ಮುಚ್ಚಿ ಕಾಂಕ್ರೀಟ್ ಹಾಕಿ ಅದರ ಮ್ಯಾಲೇ ಮಷೀನು ಕೂಡಿಸಿದ್ರು. ಆಮ್ಯಾಲೆ ಗ್ವಾಡಿ ಕಟ್ಟಿದ್ರು. ಅಂದ್ರ ಮುಂದ ಅದನ್ನ ಹೊರಗ ತಗೀಬೇಕಂದ್ರ ಮತ್ತ ಮನಿ ಒಡೀಬೇಕು. ಇದನ್ನೊಂದು ನೆನಪಿಟ್ಟುಕೋರಿ.

ರಾಟಿ ಇದ್ದ ಜಾಗಾದಾಗ ಒಂದು ಸ್ಟೂಲು ಬಂತು. ಅದು ಕಾಕುಂದು. ಹಲ್ಲಿನ ಗಾಲಿ ಮಾಡೂವಾಗ ಈ ಮಷೀನಿಗೆ ಎರಡನೇ ಹಿಡಿಕಿ ಒಂದು ಇರತೈತಿ, ಅದಕ್ಕೊಂದು ತೂತಿನ ತಾಟು. ಒಂದು ಹಲ್ಲು ಕೊರದ ಮ್ಯಾಲೆ, ಇಷ್ಟು ತೂತು ಅಂತ ಎಣಿಸಿ ಆ ಹಿಡಿಕಿ ತಿರುವಿದ್ರ ಗಾಲಿ ಮುಂದಿನ ಹಲ್ಲಿಗೆ ಸರೀತೈತಿ. ಎಣಿಕಿ ತಪ್ಪಿದ್ರ ಹಲ್ಲು ಕೆಡತೈತಿ, ಹಲ್ಲು ಕೆಟ್ರ ಇಡೀ ಗಾಲಿ ಗುಜರಿಗೆ. ಇಂಥ ನಾಜೂಕಿನ ಕೆಲಸ ಬ್ಯಾರೆ ಕಡಿ ಒಬ್ಬನೇ ಮಾಡತಾನ. ನಮ್ಮಲ್ಲಿ ದೊಡ್ಡ ಹಿಡಿಕಿ ಕಾಕಾಂದು, ತೂತಿನ ಹಿಡಿಕಿ ಕಾಕುಂದು. ಆಕಿ ನೂಲಿನ ಎಳಿ ಎಣಿಸಿದಂಗ ಬಾಯಿ ಬಿಟ್ಟು ಎಣಿಸಾಕಿ, ಈತ ಕೊರಿಯಾಂವ. ಮಷೀನ್ ಒಂದು, ಕೈ ನಾಕು, ಜಗಳಕ್ಕ ಲೆಕ್ಕಿಲ್ಲ.

ಯಾವ ಜಗಳ ಅಂತೀರಿ? ಒಂದೇ ಜಗಳರಿ, ಲಗ್ನ ಆದಾಗಿಂದ ಅದೇ. ಅವರ ಲಗ್ನದ ಊಟದಾಗ ಬೆಲ್ಲದ ಹುಗ್ಗಿ ಕಡಿಮಿ ಬಿದ್ದಿತ್ತಂತ. ಗಂಡಿನವರು ಹೆಚ್ಚು ಮಂದಿ ಕರಕೊಂಡು ಬಂದ್ರಂತ ಕಾಕು. ಹೆಣ್ಣಿನವರು ಕಡಿಮಿ ಹುಗ್ಗಿ ಮಾಡಿದ್ರಂತ ಕಾಕಾ. ಹುಗ್ಗಿ ಉಂಡಾವರಾಗ ಅರ್ಧ ಮಂದಿ ಈಗಿಲ್ಲ, ಜಗಳ ಮಾತ್ರ ಬಿಸಿ ಬಿಸಿ ಐತಿ. ಕಾಕು ಎಣಿಸೂದು ಹಿಂಗಿರತಿತ್ತು: 'ಒಂದು, ಎರಡು, ಮೂರು, ನಿಮ್ಮ ಮಂದಿ ಟ್ರಕ್ ತುಂಬಿ ಬಂದಿದ್ರು, ನಾಕು, ಐದು, ಆರು, ಏಳು. ಹ್ಞೂಂ, ಕೊರೀರಿ.' ಕಾಕಾ ಕೊರಕೋಂತ, 'ನಿಮ್ಮ ಅಣ್ಣ ಬೆಲ್ಲದ ಹಿಸಾಬ ಹಿಡದಿದ್ದ, ಮಂದೀದಲ್ಲ' ಅಂತಿದ್ದ. ಬಾಯಿ ಬಡದಾಡತಿದ್ದವು, ಕೈ ಒಂದಕ್ಕೊಂದು ತಪ್ಪತಿರಲಿಲ್ಲ.

ಒಮ್ಮೆ ತಪ್ಪಿತು. ಮುಧೋಳದಿಂದ ಕಾಕುನ ಅಣ್ಣ, ಅದೇ ಹುಗ್ಗಿಯ ಅಣ್ಣ, ಬಂದು ಹೋದ ದಿನ. ಜಗಳ ಏರಿ ಎಣಿಕಿ ಜಾರಿತು. ಗಾಲಿ ಹಂಗೇ ಲೂಮಿಗೆ ಹೋತು. ಎಂಟು ದಿನಕ್ಕ ಲೂಮಿನ ಮಾಲಕ ಒಂದು ಸೀರಿ ಹಿಡಕೊಂಡು ಬಂದ. ಗೇಣಿಗೊಂದು ಅಡ್ಡ ಗೆರಿ ಬಿದ್ದಿತ್ತು. 'ಇದೇನ್ರಿ?' ಅಂದ. ಕಾಕಾ ಗಾಲಿ ಇಸಕೊಂಡು ಒಂದು ಸಲ ತಿರುವಿ ನೋಡಿ, ಸುತ್ತಿಗಿಲೆ ಹೊಡದು ಅಲ್ಲೇ ಚೂರು ಮಾಡಿದ. ತಪ್ಪಿದ ಗಾಲಿ ಅವನ ಮನ್ಯಾಗ ಒಂದು ತಾಸು ಉಳೀತಿರಲಿಲ್ಲ. ಹೊಸಾದು ಮಾಡಿ ಕೊಟ್ಟ. ಮುಂದ ಏನಾತು ಗೊತ್ತೇನು? ಆ ಕೆಟ್ಟ ಸೀರಿ ಒಬ್ಬ ವ್ಯಾಪಾರಿ ಕಣ್ಣಿಗೆ ಬಿತ್ತು. ಹೊಸ ಡಿಸೈನು, ಇಂಥಾವು ಇನ್ನಷ್ಟು ಬೇಕು ಅಂದ! ಮಾಲಕ ಕೈ ಮುಗಕೊಂಡು ಹೊಳ್ಳಿ ಬಂದ.

'ಕಾಕಾ, ಅದೇ ತಪ್ಪಿನ ಗಾಲಿ ನಾಕು ಮಾಡಿ ಕೊಡ್ರಿ.'

'ಆಗಂಗಿಲ್ಲಪಾ.'

'ಯಾಕ್ರಿ?'

'ಅದಕ್ಕ ನಾವು ಹಂಗ ಜಗಳಾಡಬೇಕಾಗತೈತಿ. ಈ ವಾರ ನಮ್ಮದು ಛಲೋ ನಡದೈತಿ.'

ಇಂಥ ಮನಿಯೊಳಗ ಹುಟ್ಟಿದ ಮಗಳು ಹೆಂಗಿರಬೇಕು? ಶೈಲಾ ಅಂತ, ಒಬ್ಬಾಕೇ ಮಗಳು. ಮಷೀನ್ ಬಂದ ಎಷ್ಟೋ ವರ್ಷಕ್ಕ ಹುಟ್ಟಿದಾಕಿ. ಹುಡುಗೂರ ನಡುವ ಒಬ್ಬಾಕಿ ಕುಂತು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ಳು, ಲಗ್ನ ಆಗಿ ಅದೇ ಬನಹಟ್ಟಿಯ ಹಿಂದಿನ ಓಣಿಗೆ ಹೋದ್ಳು. ದಿನಾ ಮುಂಜಾನೆ ಬಂದು ಅಪ್ಪನ ಜೋಡಿ ವಾದಕ್ಕ ನಿಂದರಾಕಿ. ಹಟದಾಗ ಅಪ್ಪಗ ಒಂದು ಗುಂಜಿ ಹೆಚ್ಚೇ ಹೊರತು ಕಡಿಮಿ ಇಲ್ಲ. ತೊಂಬತ್ತರ ನಂತರದ ಮಾತಿದು, ಕೊಲ್ಲಾಪುರ ಇಚಲಕರಂಜಿ ಕಡಿ ಕಂಪ್ಯೂಟರಿನ ಮಿಲ್ಲಿಂಗ್ ಮಷೀನು ಬರಾಕತ್ತಿದ್ದವು. ಹಿಡಿಕಿ ಇಲ್ಲ, ಎಣಿಸೂದಿಲ್ಲ, ಗುಂಡಿ ಒತ್ತಿದ್ರ ತಾನೇ ಕೊರೀತೈತಿ. ಸಣ್ಣ ಸೈಜಿನದೂ ಬಂದೈತಿ, ನಮ್ಮ ಪಡಸಾಲಿಯೊಳಗ ಹಿಡೀತೈತಿ ಅಂತ ಶೈಲಾ ಹಟ ಹಿಡದ್ಳು.

'ಅಪ್ಪಾ, ಅದಕ್ಕ ಒಮ್ಮೆ ಹೇಳಿದ್ರ ಸಾಕು, ಸಾವಿರ ಗಾಲಿ ಒಂದೇ ನಮೂನಿ ಕೊರೀತೈತಿ.'

'ನಿಮ್ಮವ್ವಗೂ ಒಮ್ಮೆ ಹೇಳಿದ್ರ ಸಾಕು. ಸಾವಿರ ಸಲ ನನಗ ಹೊಳ್ಳಿ ಹೇಳತಾಳ.'

'ಅದು ತಪ್ಪು ಮಾಡಂಗಿಲ್ಲ.'

'ತಪ್ಪು ಮಾಡದ ಮಷೀನಿನ ಮುಂದ ಇಡೀ ದಿನ ನಿಂತು ನಾ ಯಾರನ್ನ ಬೈಲಿ?'

'ತಮಾಷಿ ಬಿಡು.'

'ಬಿಟ್ಟೆ. ಕರೆಂಟ್ ಹೋದ್ರ ಹೆಂಗ?'

'ನಿನ್ನ ಮಷೀನೂ ಕರೆಂಟಿನ ಮ್ಯಾಲೇ ನಡಿಯೂದು.'

'ನಂದು ಕರೆಂಟ್ ಹೋದ್ರ ಸುಮ್ಮನ ನಿಂದರತೈತಿ. ನಿಂದಕ್ಕ ನೆನಪ ಹಾರತೈತಂತ. ನಮ್ಮೂರಾಗ ಕರೆಂಟ್ ಹೋಗೂ ಚಂದ ನೋಡಿದ್ರ ಸಂಜಿ ಅನ್ನೂದರಾಗ ಅದಕ್ಕ ತನ್ನ ಹೆಸರೂ ನೆನಪುಳಿಯಂಗಿಲ್ಲ.'

ಶೈಲಾ ಹೇಳೂದರಾಗ ಖರೆ ಇತ್ತು, ಅದನ್ನೂ ಹೇಳತೇನಿ. ಲೂಮಿನ ಮಾಲಕರು ಒಬ್ಬೊಬ್ಬರಾಗಿ ಇಚಲಕರಂಜಿಯಿಂದ ಗಾಲಿ ತರಸಾಕತ್ತಿದ್ರು. ಕಾಕಾನ ಮಷೀನು ಒಂದಿನ ನಡದ್ರ ಎರಡು ದಿನ ನಿಂದರತಿತ್ತು. ಹೊಸಾದು ತಂದ್ರ ಧಂದೆ ಉಳೀತಿತ್ತು. ಆದ್ರ ಪಡಸಾಲಿಯೊಳಗ ಜಾಗಾ ಇದ್ದದ್ದು ಒಂದೇ ಮಷೀನಿಗೆ. ಹೊಸಾದು ಒಳಗ ಬರಬೇಕಂದ್ರ ಗ್ವಾಡಿ ಒಡದು ಹಳೇದು ಹೊರಗ ಹೋಗಬೇಕು. ಮುಧೋಳದ ಅಣ್ಣನೂ ಶೈಲಾನ ಕಡಿ ಆದ. 'ಗ್ವಾಡಿ ಒಡಿಯೂದು ಅವರಿಗೆ ರೂಢಿ ಐತಿ ಬಿಡು' ಅಂದ.

ಕಡೀಕ ಕಾಕಾ, 'ನೋಡಿ ಬರೂಣು' ಅಂತ ಒಪ್ಪಿದ. ಕಾಕಾ, ಕಾಕು, ಶೈಲಾ, ನಾನು, ನಾಕು ಮಂದಿ ಬಸ್ ಹತ್ತಿ ಕೊಲ್ಲಾಪುರಕ್ಕ ಹ್ವಾದ್ವಿ. ಕಾಕು ಚಪಾತಿ ಶೇಂಗಾಹಿಂಡಿ ಕಟ್ಟಿಕೊಂಡಿದ್ಳು. ಕಾಕಾ ಚೀಲದಾಗ ಒಂದು ಕಬ್ಬಿಣದ ಗಾಲಿ ಇಟ್ಟುಕೊಂಡಿದ್ದ, ಇನ್ನೂ ಹಲ್ಲು ಕೊರೀದ್ದು. 'ಹೆಣ್ಣು ನೋಡಾಕ ಹೋದ್ರ ನಾಕು ಪ್ರಶ್ನಿ ಕೇಳತೀವಿ, ಮಷೀನಿಗೆ ಒಂದು ಗಾಲಿನರ ಕೊಟ್ಟು ನೋಡಬ್ಯಾಡೇನು?' ಅಂತ ಅವನ ವಾದ.

ಅಲ್ಲಿ ಟೈ ಕಟ್ಟಿಕೊಂಡ, ಕನ್ನಡ ಬಲ್ಲ ಒಬ್ಬಾವ ಮಷೀನು ತೋರಿಸಿದ. ಕಪಾಟಿನಂಗ ನಾಕೂ ಕಡಿ ಮುಚ್ಚಿತ್ತು, ಮುಂದ ಗಾಜಿನ ಬಾಗಿಲ. ಕಾಕಾನ ಗಾಲಿ ಒಳಗಿಟ್ಟು ಬಾಗಿಲ ಹಾಕಿ ಗುಂಡಿ ಒತ್ತಿದ. ನಾವು ಗಾಜಿಗೆ ಮೂಗು ಹಚ್ಚಿ ನಿಂತ್ವಿ. ಕಾಕು ಅಭ್ಯಾಸಕ್ಕ ತುಟಿ ಅಲ್ಲಾಡಸಾಕತ್ತಿದ್ಳು, ಆದ್ರ ಎಣಿಸಾಕ ಅಲ್ಲಿ ಏನೂ ಕಾಣತಿರಲಿಲ್ಲ.

'ಎಣಿಸಾವರು ಯಾರ್ರಿ?' ಅಂತ ಕೇಳಿದ್ಳು.

'ಅದೇ ಎಣಿಸಿಕೊಳ್ಳತ್ತೆ ಆಂಟಿ.'

'ಹೌದೇನ್ರಿ. ಛಲೋ ಆತು' ಅಂದು ಹಿಂದ ಸರದು ನಿಂತ್ಳು.

ಚಾ ಕುಡಿಯೂದರಾಗ ಗಾಲಿ ಹೊರಗ ಬಂತು. ಕಾಕಾ ಟೊಪಗಿ ತಗದು ಬಗಲಾಗ ಹಿಡದು, ಒಂದೊಂದು ಹಲ್ಲೂ ಬೆರಳಿಲೆ ಮುಟ್ಟಿ ನೋಡಿದ. 'ಕೂದಲೆಳಿಯಷ್ಟು ಹೆಚ್ಚುಕಡಿಮಿ ಇಲ್ಲ. ನಮ್ಮ ಕೈಲೆ ಇಂಥಾದ್ದು ಆಗಂಗಿಲ್ಲ' ಅಂದ. ಶೈಲಾ ನನ್ನ ಕಡಿ ನೋಡಿ ಹುಬ್ಬು ಹಾರಿಸಿದ್ಳು, ಗೆದ್ದೆ ಅಂತ. ಕಾಕಾ ಮಷೀನಿನ ಸುತ್ತ ಒಂದು ಸುತ್ತು ಹಾಕಿದ. ಎಡಕ್ಕ ನೋಡಿದ, ಬಲಕ್ಕ ನೋಡಿದ, ಬಗ್ಗಿ ಹಿಂದ ಇಣುಕಿದ. ಆಮ್ಯಾಲೆ ಟೈ ಕಟ್ಟಿದಾವನ್ನ ಕೇಳಿದ:

'ಎಲ್ಲಾ ಛಲೋ ಐತ್ರಿ. ಇದಕ್ಕ ಎರಡನೇ ಸ್ಟೂಲು ಎಲ್ಲಿ ಹಾಕೂದು?'

'ಎರಡನೇದು ಯಾಕ್ ಬೇಕು ಸರ್? ಒಬ್ಬರು ಸಾಕು. ಆ ಒಬ್ಬರೂ ಗುಂಡಿ ಒತ್ತಿ ಹೊರಗೆ ಹೋಗಬಹುದು.'

ಅಂಗಡಿಯಾವರೆಲ್ಲಾ ನಕ್ರು. ಶೈಲಾಗ ನಾಚಿಕಿ ಆತು. ನಾನೂ, ಇವಗ ಸ್ಟೂಲಿನ ಚಿಂತಿ ಯಾಕ ಅಂದ್ಕೊಂಡೆ.

ಹೊಳ್ಳಿ ಬರೂವಾಗ ಬಸ್ಸಿನಾಗ ಕಾಕು ಕಿಡಕಿ ಕಡಿ ಕುಂತಿದ್ಳು. ಮಾತಿಲ್ಲ. ಕಾಕಾ ಬಾಜೂಕ ಕುಂತು ಕೆಮ್ಮಿದ, ಟೊಪಗಿ ಜಾಡಿಸಿದ, ಕಡೀಕ ತನ್ನ ಹಳೇ ಬಾಣ ಬಿಟ್ಟ. 'ಏನರ ಅನ್ನು, ಆವತ್ತು ಹುಗ್ಗಿ ಕಡಿಮಿ ಬಿದ್ದದ್ದು ನಿಮ್ಮ ಅಣ್ಣನ ತಪ್ಪು' ಅಂದ. ಈಗ ಬಸ್ ತುಂಬ ಜಗಳ ಸುರು ಆಗತೈತಿ ಅಂತ ನಾ ತಯಾರಾಗಿ ಕುಂತೆ.

ಕಾಕು ಕಿಡಕಿಯಿಂದ ಮುಖ ತಿರುವಲಿಲ್ಲ. 'ಇರಬೇಕ್ರಿ' ಅಂದ್ಳು.

ನೋಡ್ರಿ, ಲಗ್ನ ಆದಾಗಿಂದ ನಡದ ಖಟ್ಲೆ. ಕಾಕಾ ಒಂದೇ ಮಾತಿಗೆ ಗೆದ್ದಿದ್ದ. ಗೆದ್ದಾವನ ಮುಖ ಹೆಂಗಿರಬೇಕು? ಇವನ ಮುಖದಾಗ ರಕ್ತನೇ ಇರಲಿಲ್ಲ. ಬನಹಟ್ಟಿ ಬರೂತನಕ ಆತ ಹೆಂಡತಿ ಕೈ ನೋಡಕೋಂತ ಕುಂತಿದ್ದ. ಆಕಿ ಕೈ ಮಡಲಾಗ ಸುಮ್ಮನ ಬಿದ್ದಿದ್ದವು.

ಮರುದಿನ ಐತವಾರ. ಶೈಲಾ ಹೊಸ ಮಷೀನಿನ ಬಣ್ಣದ ಚಿತ್ರದ ಪುಸ್ತಕ ಹಿಡಕೊಂಡು ಬಂದ್ಳು, ಮುಧೋಳದ ಅಣ್ಣನೂ ಬಂದ. ಕಾಕಾ ಮಷೀನಿಗೆ ಎಣ್ಣಿ ಬಿಡಾಕತ್ತಿದ್ದ.

'ಏನಂತಿ ಅಪ್ಪಾ? ತರೂಣಲ್ಲ?'

'ಬ್ಯಾಡ.'

'ಯಾಕ?'

'ಅದಕ್ಕ ಬಾಗಿಲ ಐತಿ. ಬಾಗಿಲ ಹಾಕ್ಕೊಂಡು ಕೆಲಸ ಮಾಡೂ ಮಷೀನ್ ಮ್ಯಾಲೆ ನನಗ ಭರೋಸಾ ಇಲ್ಲ.'

'ಅಪ್ಪಾ!'

'ಬಣ್ಣ ಸರಿ ಇಲ್ಲ.'

ಶೈಲಾ ಪುಸ್ತಕ ಕೆಳಗ ಒಗದ್ಳು. 'ಧಂದೆ ಮುಳಗಾಕತ್ತೈತಿ. ಇನ್ನೆರಡು ವರ್ಷಕ್ಕ ನಿನ್ನ ಮಷೀನು ಗುಜರಿಗೆ ಹೋಗತೈತಿ. ರೊಕ್ಕದ ವ್ಯವಸ್ಥಾ ನಾ ಮಾಡೇನಿ, ಕಲಿಯೂ ತ್ರಾಸ ನಂದು. ಇಷ್ಟರ ಮ್ಯಾಲೆ ಬ್ಯಾಡ ಅಂದ್ರ ಖರೆ ಕಾರಣ ಹೇಳು. ಹುಚ್ಚುಚ್ಚರ ಹೇಳಬ್ಯಾಡ.' ಅಣ್ಣ ನಡುವ ಬಾಯಿ ಹಾಕಿ, 'ಮಂದಿ ಹುಚ್ಚ ಅನ್ನಾಕತ್ತಾರ ಮಾರಾಯಾ, ಈ ಹಳೇ ಕಬ್ಬಿಣದ ಹುಚ್ಚು ಇನ್ನರ ಬಿಡು' ಅಂದ.

ಕಾಕಾ ಎಣ್ಣಿ ಡಬ್ಬಿ ಕೆಳಗಿಟ್ಟ.

'ನನಗ್ಯಾವಾಗ ಕಬ್ಬಿಣದ ಹುಚ್ಚಿತ್ತು?' ಅಂದ. 'ಹುಟ್ಟಿದಾಗಿಂದ ನೂಲು ಕಂಡಾವ ನಾ. ಕಬ್ಬಿಣ ಅಂದ್ರ ನನಗ ಹಂಚು ಗೊತ್ತಿತ್ತು, ಕುಡಗೋಲು ಗೊತ್ತಿತ್ತು. ಶೈಲಾ, ಮಗ್ಗ ನಿಂತ ವರ್ಷ ನೀ ಹುಟ್ಟಿರಲಿಲ್ಲ. ನಿಮ್ಮವ್ವ ರಾಟಿ ಮುಂದ ಹಂಗೇ ಕುಂದರತಿದ್ಳು. ಸುತ್ತಾಕ ನೂಲಿಲ್ಲ, ಆದ್ರೂ ಎದ್ದು ಬರತಿರಲಿಲ್ಲ. ಪಲ್ಲೆಕ್ಕ ಉಪ್ಪು ಹೆಚ್ಚಾಗೇತಿ ಅಂದ್ರ, ಇರಬೇಕ್ರಿ ಅಂತಿದ್ಳು. ನನ್ನ ಜೋಡಿ ಜಗಳಾ ಸೈತ ಆಡಲಿಲ್ಲ. ಇರಬೇಕ್ರಿ, ಇರಬೇಕ್ರಿ, ಅಷ್ಟ. ನನಗ ಹೆದರಿಕಿ ಬಂತು. ಇಕಿ ನನ್ನ ಕೈ ಬಿಟ್ಟು ಹೋಗತಾಳ ಅಂತ ಹೆದರಿಕಿ ಬಂತು.'

ಕಾಕಾ ಮಷೀನಿನ ಮೇಜಿನ ಮ್ಯಾಲೆ ಕೈ ಇಟ್ಟ.

'ಕೊಲ್ಲಾಪುರದ ಆ ಕಾರಖಾನಿಯೊಳಗ ಎಲ್ಲಾ ಮಷೀನ್ ನೋಡಿದೆ. ಎಲ್ಲಾ ಒಬ್ಬಾವನು ನಿಂತು ಮಾಡೂವು. ಇದೊಂದಕ್ಕ ಎರಡು ಹಿಡಿಕಿ ಇದ್ದವು, ಅದಕ್ಕ ತಂದೆ. ಆಕಿ ಕುಂದರೂ ಜಾಗಾ ಅಳದು ತಂದೇನಿ. ನಿನ್ನೆ ಬಸ್ಸಿನಾಗ ಆಕಿ ಮತ್ತ ಇರಬೇಕ್ರಿ ಅಂದ್ಳು. ಕೇಳಿದಿಲ್ಲೋ?' ಅಂತ ನನ್ನ ಕಡಿ ತಿರಗಿದ. ನಾ ಗೋಣು ಹಾಕಿದೆ. 'ನಿಮ್ಮ ಮಷೀನು ಛಲೋ ಐತಿ, ಭಾಳ ಛಲೋ ಐತಿ. ಈ ಪಡಸಾಲಿಯೊಳಗ ಮಾತ್ರ ಬರಂಗಿಲ್ಲ. ಧಂದೆ ಹೋಗೂದಿದ್ರ ಹೋಗಲಿ. ಊರು ಹುಚ್ಚ ಅಂದ್ರ ಅನ್ನಲಿ.'

ಅಡಗಿಮನಿ ಬಾಗಿಲದಾಗ ಕಾಕು ನಿಂತಿದ್ಳು. ಎಷ್ಟೊತ್ತಿಂದ ನಿಂತಿದ್ಳೋ ಗೊತ್ತಿಲ್ಲ.

'ನಾ ಕುಂದರೂ ಜಾಗಾ ಅಳದಾವರು,' ಅಂದ್ಳು, 'ಬಾಗಿಲ ಯಾಕ ಅಳೀಲಿಲ್ರಿ?'

ಧಂದೆ ಏನಾತು ಅಂತ ಕೇಳಾವರಿಗೆ ಹೇಳಿಬಿಡತೇನಿ. ಅರ್ಧ ಹೋತು. ಶೈಲಾ ಮುಂದ ರಬಕವಿ ರಸ್ತಾದಾಗ ಒಂದು ಶೆಡ್ ಹಿಡದು ಅಲ್ಲೇ ಕಂಪ್ಯೂಟರಿನ ಮಷೀನ್ ಇಟ್ಟು ಛಲೋ ನಡಸಾಕತ್ತಾಳ. ಕಾಕಾನ ಪಡಸಾಲಿಗೆ ಬರೂವು ಮುರಕ ಮುದುಕ ಲೂಮಿನ ಬಿಡಿ ಗಾಲಿ, ವಾರಕ್ಕ ಒಂದೋ ಎರಡೋ. ಊರು ಇದಕ್ಕ ಸೋಲು ಅಂತೈತಿ. ನಾ ಅನ್ನಂಗಿಲ್ಲ, ನೀವು ಅಂದ್ರ ಕೇಳಂಗೂ ಇಲ್ಲ. ಯಾಕಂದ್ರ ಆ ಐತವಾರ ಪಡಸಾಲಿಯೊಳಗ ಮುಂದ ನಡದದ್ದನ್ನ ನಾ ಕಣ್ಣಾರೆ ಕಂಡೇನಿ.

ಕಾಕು ಬಂದು ಸ್ಟೂಲಿನ ಮ್ಯಾಲೆ ಕುಂತ್ಳು. ಮೊನ್ನೆ ಅರ್ಧಕ್ಕ ಬಿಟ್ಟ ಗಾಲಿ ಮಷೀನಿನ ಮ್ಯಾಲೇ ಇತ್ತು. ಸೆರಗಿಲೆ ಕಣ್ಣು ಒರಸಿಕೊಂಡು ತನ್ನ ಹಿಡಿಕಿ ಹಿಡದ್ಳು. ಕಾಕಾ ಮಷೀನು ಚಾಲು ಮಾಡಿದ.

'ಒಂದು,' ಅಂದ್ಳು ಕಾಕು, 'ಎರಡು, ಮೂರು, ನಾಕು, ಐದು, ಏಳು. ಹ್ಞೂಂ, ಕೊರೀರಿ.'

ಆರು ಬಿಟ್ಟಿದ್ಳು. ನನಗ ಕೇಳಿಸ್ತು, ಶೈಲಾಗ ಕೇಳಿಸ್ತು, ಮುಧೋಳದ ಅಣ್ಣಗೂ ಕೇಳಿಸ್ತು. ತಪ್ಪಿದ ಗಾಲಿ ಸುತ್ತಿಗಿಲೆ ಚೂರು ಮಾಡಿದ ಕಾಕಾ, ಹೆಂಡತಿ ಮುಖ ಒಮ್ಮೆ ನೋಡಿದ. ತನ್ನ ಹಿಡಿಕಿ ತಿರುವಿ, ಆಕಿ ಹೇಳಿದಲ್ಲೇ ಕೊರದ.

'ಮುಂದಿಂದು ಎಣಿಸು' ಅಂದ.